ಪ್ರತಿ ಕಿಲೋಮೀಟರಿಗೆ 26 ಡಿಗ್ರಿ ಏರುವುದಾದರೆ 100 ಕಿಲೋಮೀಟರ್ ಆಳದಲ್ಲಿ ಬಂಡೆ ಏಕೆ ಕರಗಿಲ್ಲ?

ಹೊಸಗಣ್ಣು:

ನನ್ನ ಓದು ಯಂತ್ರಶಾಸ್ತ್ರದ್ದು. ಉಷ್ಣವಹನದ ಸಮೀಕರಣಗಳ ಪರಿಚಯವಿದೆ, ಕಲ್ಲುಗಳ ಪರಿಚಯ ಅಷ್ಟಾಗಿ ಇಲ್ಲ. ಭೂಖಂಡಗಳ ಮೇಲ್ಭಾಗದಲ್ಲಿ ಪ್ರತಿ ಕಿಲೋಮೀಟರ್ ಆಳಕ್ಕೆ ತಾಪಮಾನ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. 26 ಎಂದೇ ಹಿಡಿದರೂ 100 ಕಿಲೋಮೀಟರ್ ಆಳದಲ್ಲಿ 2600 ಡಿಗ್ರಿ ಇರಬೇಕಾಯಿತು. ಅಲ್ಲಿನ ಒತ್ತಡವನ್ನು ಗಣನೆಗೆ ತೆಗೆದುಕೊಂಡರೂ ಮ್ಯಾಂಟಲಿನ, ಅಂದರೆ ಭೂಚಿಪ್ಪಿನ ಕೆಳಗಿರುವ ದಪ್ಪ ಪದರದ, ಬಂಡೆ ಸುಮಾರು 1500 ಡಿಗ್ರಿಯ ಹೊತ್ತಿಗೆ ಕರಗಲಾರಂಭಿಸುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ನಮ್ಮ ಕಾಲಡಿಯಲ್ಲಿ ಕರಗಿದ ಕಲ್ಲಿನ ಕಡಲೇ ಇರಬೇಕು. ಆದರೆ ದ್ರವದಲ್ಲಿ ಸಾಗಲಾರದ ಭೂಕಂಪದ ಅಡ್ಡ ಅಲೆಗಳು ಮ್ಯಾಂಟಲನ್ನು ಉದ್ದಕ್ಕೂ ಹಾದುಹೋಗುತ್ತವೆ. ಅಂದರೆ ಅದು ಘನವಾಗಿಯೇ ಇದೆ. ನನ್ನ ಲೆಕ್ಕ ಎಲ್ಲಿ ತಪ್ಪಿತು?

ಬೆಣಚುಕಲ್ಲು:

ಗುಣಾಕಾರ ಸರಿಯಾಗಿದೆ, ಅದರ ಹಿಂದಿರುವ ಊಹೆ ಸರಿಯಿಲ್ಲ. ಮೇಲಿನ ನಾಲ್ಕೈದು ಕಿಲೋಮೀಟರಿನಲ್ಲಿ ಅಳೆದ ಏರಿಕೆಯ ದರ ಕೆಳಗೂ ಹಾಗೆಯೇ ಮುಂದುವರಿಯುತ್ತದೆ ಎಂದು ನೀವು ಹಿಡಿದಿದ್ದೀರಿ. 1822ರಲ್ಲಿ ಫೂರಿಯೆ ಪ್ರಕಟಿಸಿದ ನಿಯಮದ ಪ್ರಕಾರ ಉಷ್ಣಪ್ರವಾಹವೆಂದರೆ (ಪ್ರತಿ ಚದರ ಮೀಟರಿನ ಮೂಲಕ ಹಾದುಹೋಗುವ ಶಾಖ) ವಾಹಕತೆ (ಕಲ್ಲು ಶಾಖವನ್ನು ಎಷ್ಟು ಸುಲಭವಾಗಿ ಸಾಗಿಸುತ್ತದೆ ಎಂಬ ಅಳತೆ) ಮತ್ತು ತಾಪಮಾನದ ಏರಿಕೆಯ ದರ ಇವೆರಡರ ಗುಣಲಬ್ಧ. ಏರಿಕೆಯ ದರ ಎಲ್ಲ ಆಳದಲ್ಲೂ ಒಂದೇ ಆಗಿರಬೇಕಾದರೆ ವಾಹಕತೆಯೂ ಒಂದೇ ಇರಬೇಕು, ಹಾದುಹೋಗುವ ಶಾಖವೂ ಒಂದೇ ಇರಬೇಕು. ಭೂಮಿಯಲ್ಲಿ ಈ ಎರಡೂ ಒಂದೇ ಆಗಿ ಉಳಿಯುವುದಿಲ್ಲ.

ವಾಹಕತೆಯನ್ನೇ ಮೊದಲು ನೋಡೋಣ. ಮೀಟರಿಗೆ ಕೆಲ್ವಿನ್ನಿಗೆ ಇಷ್ಟು ವ್ಯಾಟ್ ಎಂಬ ಅಳತೆಯಲ್ಲಿ ಗ್ರಾನೈಟ್ 3ರ ಆಸುಪಾಸಿನಲ್ಲಿದೆ. ಜೇಡಿಶಿಲೆ 1ರಿಂದ 2. ಬೆಣಚು ತುಂಬಿದ ಕ್ವಾರ್ಟ್ಜೈಟ್ 5ಕ್ಕೂ ಹೆಚ್ಚು. ತಾಮ್ರದ್ದು ಸುಮಾರು 400. ಲೋಹದ ಪಕ್ಕದಲ್ಲಿಟ್ಟರೆ ಕಲ್ಲು ಒಂದು ದಪ್ಪ ಕಂಬಳಿ. ಒಂದೇ ಕೊರೆಬಾವಿಯಲ್ಲಿ ಜೇಡಿಶಿಲೆಯ ಪದರ ದಾಟಿ ಕ್ವಾರ್ಟ್ಜೈಟ್ ಪದರ ಹೊಕ್ಕ ಕೂಡಲೇ ಏರಿಕೆಯ ದರ ಮೂರನೆಯ ಒಂದು ಭಾಗಕ್ಕೆ ಇಳಿಯಬಹುದು, ಹರಿಯುವ ಶಾಖ ಮಾತ್ರ ಅಷ್ಟೇ ಇರುತ್ತದೆ. ಆದ್ದರಿಂದ ಬರಿಯ ಡಿಗ್ರಿಗಳ ಪಟ್ಟಿಯನ್ನು ನೋಡಿ ಒಂದು ಪ್ರದೇಶವನ್ನು ‘ಬಿಸಿ’, ಇನ್ನೊಂದನ್ನು ‘ತಂಪು’ ಎಂದು ಕರೆಯುವುದು ಅವಸರದ ತೀರ್ಮಾನ.

ಲೆಕ್ಕಿಗ:

ಹಾಗಾದರೆ ಉತ್ತರ ಇಲ್ಲೇ ಸಿಕ್ಕಿತಲ್ಲ. ಆಳಕ್ಕೆ ಹೋದಂತೆ ಒತ್ತಡ ಹೆಚ್ಚಿ ಬಂಡೆಯ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ವಾಹಕತೆ ಏರುತ್ತದೆ, ಏರಿಕೆಯ ದರ ತಗ್ಗುತ್ತದೆ. ಅದರಿಂದಲೇ 100 ಕಿಲೋಮೀಟರಿನಲ್ಲಿ 2600 ಡಿಗ್ರಿ ಆಗುವುದಿಲ್ಲ.

ಬೆಣಚುಕಲ್ಲು:

ಲೆಕ್ಕಿಗರೇ, ಮೊದಲ ಕೆಲವು ಕಿಲೋಮೀಟರುಗಳ ಮಟ್ಟಿಗೆ ಮಾತ್ರ ನಿಮ್ಮ ಮಾತನ್ನು ಒಪ್ಪಬಹುದು. ಅದರ ಕೆಳಗೆ ತಾಪಮಾನವೇ ಯಜಮಾನ. ಸ್ಫಟಿಕಗಳಲ್ಲಿ ಶಾಖವನ್ನು ಒಯ್ಯುವುದು ಪರಮಾಣುಗಳ ಜಾಲದ ಕಂಪನ. ಬಿಸಿ ಹೆಚ್ಚಿದಂತೆ ಆ ಕಂಪನಗಳು ಒಂದಕ್ಕೊಂದು ಅಡ್ಡಬಂದು ಚದುರುತ್ತವೆ, ವಾಹಕತೆ ಕುಗ್ಗುತ್ತದೆ. ಕೋಣೆಯ ತಾಪಮಾನದಲ್ಲಿ 3 ಇದ್ದ ಗ್ರಾನೈಟ್ ಹಲವು ನೂರು ಡಿಗ್ರಿಗಳಲ್ಲಿ 2ರ ಸಮೀಪಕ್ಕೆ ಬರುತ್ತದೆ. ಇನ್ನೂ ಹೆಚ್ಚು ಬಿಸಿಯಲ್ಲಿ ಖನಿಜಗಳ ಒಳಗಿನಿಂದಲೇ ವಿಕಿರಣದ ಮೂಲಕ ಒಂದಿಷ್ಟು ಶಾಖ ಸಾಗುತ್ತದೆ. ಆದರೆ ಭೂಚಿಪ್ಪಿನ ಮಟ್ಟಿಗೆ ಅದು ಪ್ರಧಾನವಲ್ಲ. ವಾಹಕತೆ ಕುಗ್ಗಿದರೆ ಅಷ್ಟೇ ಶಾಖವನ್ನು ಸಾಗಿಸಲು ಏರಿಕೆಯ ದರ ಹೆಚ್ಚಬೇಕಾಗುತ್ತದೆ. ಅಂದರೆ ವಾಹಕತೆಯೊಂದನ್ನೇ ನೆಚ್ಚಿಕೊಂಡರೆ ಹೊಸಗಣ್ಣು ಅವರ 2600 ಡಿಗ್ರಿ ಇನ್ನಷ್ಟು ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ನಿಜವಾದ ಉತ್ತರವಿರುವುದು ಎರಡನೆಯ ಊಹೆಯಲ್ಲಿ. ಎಲ್ಲ ಆಳದಲ್ಲೂ ಹಾದುಹೋಗುವ ಶಾಖ ಒಂದೇ ಅಲ್ಲ, ಏಕೆಂದರೆ ದಾರಿಯುದ್ದಕ್ಕೂ ಬಂಡೆಯೇ ಶಾಖವನ್ನು ಹುಟ್ಟಿಸುತ್ತಿದೆ. ಯುರೇನಿಯಂ, ಥೋರಿಯಂ ಮತ್ತು ಪೊಟ್ಯಾಸಿಯಂ-40 ಕ್ಷಯಿಸುತ್ತಾ ಬಿಡುವ ಶಕ್ತಿ ಅದು. ಈ ಮೂರೂ ಮ್ಯಾಂಟಲಿನ ಖನಿಜಗಳಲ್ಲಿ ಹೊಂದಿಕೊಳ್ಳದ ಧಾತುಗಳು. ಬಂಡೆ ಭಾಗಶಃ ಕರಗಿದಾಗಲೆಲ್ಲ ದ್ರವಕ್ಕೆ ಸೇರಿಕೊಂಡು ಮೇಲಕ್ಕೆ ಬರುತ್ತವೆ. ಶತಕೋಟಿ ವರ್ಷಗಳ ಈ ಸೋಸುವಿಕೆಯಿಂದ ಭೂಖಂಡಗಳ ಮೇಲ್ಪದರದಲ್ಲಿ ಅವು ಮಡುಗಟ್ಟಿವೆ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.5 ಮೈಕ್ರೊವ್ಯಾಟ್ ಶಾಖ ಹುಟ್ಟಿಸಿದರೆ, ಬಸಾಲ್ಟ್ 0.5ರ ಆಸುಪಾಸು, ಮ್ಯಾಂಟಲಿನ ಪೆರಿಡೊಟೈಟ್ 0.02ರಷ್ಟು.

ಒಂದು ಘನ ಕಿಲೋಮೀಟರ್ ಗ್ರಾನೈಟಿನಿಂದ ಸಿಗುವುದು ಎರಡೂವರೆ ಕಿಲೋವ್ಯಾಟ್, ಅಂದರೆ ನೀರು ಕಾಯಿಸುವ ಒಂದು ವಿದ್ಯುತ್ ಉಪಕರಣಕ್ಕೆ ಸಾಲುವಷ್ಟು. ಇಷ್ಟು ಜುಜುಬಿ ಮೊತ್ತ ಭೂಮಿಯ ಉಷ್ಣಲೆಕ್ಕವನ್ನೇ ತಿರುಗಿಸುತ್ತದೆ ಎಂದರೆ ಮೊದಲು ನಾನೂ ನಂಬಿರಲಿಲ್ಲ.

ಲೆಕ್ಕಿಗ:

ತಿದ್ದಿದ್ದಕ್ಕೆ ಧನ್ಯವಾದ. ನನ್ನದು ದಿಕ್ಕೇ ತಪ್ಪಿದ ಊಹೆಯಾಗಿತ್ತು. ಪ್ರಾಯಶ್ಚಿತ್ತವೆಂಬಂತೆ ಒಂದು ಲೆಕ್ಕ ಮಾಡಿದ್ದೇನೆ.

ಭೂಖಂಡಗಳಲ್ಲಿ ನೆಲದಿಂದ ಹೊರಬರುವ ಶಾಖದ ಸರಾಸರಿಯನ್ನು ಪ್ರತಿ ಚದರ ಮೀಟರಿಗೆ 65 ಮಿಲಿವ್ಯಾಟ್ ಎಂದಿಟ್ಟುಕೊಳ್ಳೋಣ. 40 ಕಿಲೋಮೀಟರ್ ದಪ್ಪದ ಭೂಚಿಪ್ಪು ಇಡಿಯಾಗಿ 2.5 ಮೈಕ್ರೊವ್ಯಾಟಿನ ಗ್ರಾನೈಟೇ ಆಗಿದ್ದರೆ ಅದೊಂದರಿಂದಲೇ 100 ಮಿಲಿವ್ಯಾಟ್ ಬರಬೇಕಿತ್ತು. ಅಳತೆಗೆ ಸಿಗುವುದು 65 ಮಾತ್ರ. ಅಲ್ಲಿಗೆ, ಒಂದು ರಂಧ್ರವನ್ನೂ ಕೊರೆಯದೆ, ಕೆಳಗಿನ ಭೂಚಿಪ್ಪು ಮೇಲಿನದರಂತೆ ಇರಲು ಸಾಧ್ಯವಿಲ್ಲ ಎಂದು ಹೇಳಬಹುದು. ವಿಕಿರಣಶೀಲ ಧಾತುಗಳು ಮೇಲಿನ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಕೂಡಿಕೊಂಡಿರಬೇಕು.

ಈಗ ಅವುಗಳ ಪ್ರಮಾಣ ಪ್ರತಿ 10 ಕಿಲೋಮೀಟರಿಗೆ ಸುಮಾರು 2.7 ಪಟ್ಟು ಕುಗ್ಗುತ್ತಾ ಹೋಗುತ್ತದೆ ಎಂದು ಹಿಡಿದೆ. ಆಗ ಅವು ಒಟ್ಟಾರೆ 25 ಮಿಲಿವ್ಯಾಟ್ ಕೊಡುತ್ತವೆ, ಉಳಿದ 40 ಮ್ಯಾಂಟಲಿನಿಂದ ಬರುತ್ತದೆ. ವಾಹಕತೆ 2.5 ಎಂದಾದರೆ ನೆಲದ ಬಳಿ ಏರಿಕೆಯ ದರ ಕಿಲೋಮೀಟರಿಗೆ 26 ಡಿಗ್ರಿ, ಅಂದರೆ ಪ್ರಶ್ನೆಯಲ್ಲಿದ್ದಷ್ಟೇ. ಆದರೆ 40 ಕಿಲೋಮೀಟರ್ ಆಳದ ಹೊತ್ತಿಗೆ ಅದು 16ಕ್ಕೆ ಇಳಿದಿರುತ್ತದೆ. ನೇರ ಗುಣಾಕಾರದಿಂದ ಅಲ್ಲಿ 1040 ಡಿಗ್ರಿ ಬರುತ್ತದೆ. ಈ ಲೆಕ್ಕದಿಂದ, ನೆಲದ ತಾಪಮಾನ ಬಿಟ್ಟು, 740ರಷ್ಟು.

ಹೊಸಗಣ್ಣು:

ಅಂದರೆ ನದಿಯ ಮುಖದಲ್ಲಿ ನೀರನ್ನು ಅಳೆದು, ಉಗಮದಲ್ಲೂ ಅಷ್ಟೇ ನೀರಿರುತ್ತದೆ ಎಂದು ನಾನು ತಿಳಿದಂತಾಯಿತು. ನಡುವೆ ಸೇರಿದ ಉಪನದಿಗಳನ್ನು ಮರೆತೆ.

ಆದರೂ ಒಂದು ಸಂಶಯ ಉಳಿದಿದೆ. ವಿಕಿರಣಶೀಲತೆ ಆಳದೊಂದಿಗೆ ಹಾಗೆ ಕುಗ್ಗುತ್ತದೆ ಎಂಬುದಕ್ಕೆ ಆಧಾರವೇನು? ಬೇಕಾದ ಉತ್ತರ ಬರಲೆಂದು ಹೊಂದಿಸಿದ ಊಹೆಯಂತೆ ಕಾಣುತ್ತದೆ.

ಬೆಣಚುಕಲ್ಲು:

ಕೇಳಬೇಕಾದ ಪ್ರಶ್ನೆಯೇ. 1968ರಲ್ಲಿ ಬರ್ಚ್, ರಾಯ್ ಮತ್ತು ಬ್ಲ್ಯಾಕ್‌ವೆಲ್ ಗ್ರಾನೈಟ್ ಪ್ರದೇಶಗಳ ಅಳತೆಗಳನ್ನು ಒಟ್ಟುಗೂಡಿಸಿ, ನೆಲದ ಮೇಲಿನ ಬಂಡೆಯ ಶಾಖೋತ್ಪಾದನೆಯನ್ನು ಒಂದು ಅಕ್ಷದಲ್ಲಿಯೂ ಅಲ್ಲಿನ ಉಷ್ಣಪ್ರವಾಹವನ್ನು ಇನ್ನೊಂದರಲ್ಲಿಯೂ ಗುರುತಿಸಿದರು. ಬಿಂದುಗಳು ಹೆಚ್ಚು ಕಡಿಮೆ ಒಂದು ಸರಳರೇಖೆಯ ಮೇಲೆ ಕುಳಿತವು. ಆ ರೇಖೆಯ ಇಳಿಜಾರಿಗೆ ಉದ್ದದ ಮಾನವಿದೆ, ಅದು ಹತ್ತು ಕಿಲೋಮೀಟರಿನ ಆಸುಪಾಸು. ರೇಖೆಯನ್ನು ಶೂನ್ಯ ಶಾಖೋತ್ಪಾದನೆಯವರೆಗೆ ಎಳೆದರೆ ಸಿಗುವ ಅಂಕಿ ಆ ಪದರದ ಕೆಳಗಿನಿಂದ ಬರುವ ಶಾಖ. 1970ರಲ್ಲಿ ಲಾಕೆನ್‌ಬ್ರುಕ್ ಇನ್ನೊಂದು ಮಾತನ್ನು ಸೇರಿಸಿದರು. ಬೇರೆ ಬೇರೆ ಸ್ಥಳಗಳಲ್ಲಿ ಸವೆತದಿಂದ ಬೇರೆ ಬೇರೆ ದಪ್ಪದ ಕಲ್ಲು ಕೊಚ್ಚಿಹೋಗಿರುತ್ತದೆ. ಆಮೇಲೂ ಆ ಸರಳರೇಖೆ ಉಳಿಯಬೇಕಾದರೆ ಶಾಖೋತ್ಪಾದನೆ ಆಳದೊಂದಿಗೆ ಘಾತೀಯವಾಗಿ ಕುಗ್ಗುತ್ತಿರಬೇಕು. ಲೆಕ್ಕಿಗರು ಬಳಸಿದ್ದು ಈ ಮಾದರಿಯನ್ನೇ. ಎಲ್ಲ ಪ್ರದೇಶಗಳೂ ಈ ರೇಖೆಗೆ ಅಷ್ಟು ವಿಧೇಯವಾಗಿಲ್ಲ ಎಂಬುದನ್ನೂ ಹೇಳಬೇಕು. ಭೂಚಿಪ್ಪಿನ ಒಳರಚನೆ ಒಂದು ಅಂದವಾದ ಸೂತ್ರಕ್ಕಿಂತ ಗೋಜಲಾದದ್ದು.

ಕೊರೆಬಾವಿ:

ಸಿದ್ಧಾಂತದ ನಡುವೆ ಅಳತೆಯವರ ಕಷ್ಟವನ್ನೂ ಸ್ವಲ್ಪ ಹೇಳುತ್ತೇನೆ. ಆಳದ ಬಾವಿಗಳ ತಾಪಮಾನದ ದಾಖಲೆಗಳನ್ನು ಕೆಲವು ವರ್ಷ ನೋಡಿದ್ದೇನೆ. ಕೊರೆಯುವಾಗ ಒಳಗೆ ಹರಿಸುವ ಕೆಸರುದ್ರವ ಬಾವಿಯ ತಳವನ್ನು ತಣಿಸುತ್ತದೆ, ಬಾಯಿಯ ಬಳಿ ಕಲ್ಲನ್ನು ಬಿಸಿಮಾಡುತ್ತದೆ. ಕೊರೆತ ನಿಂತ ಮರುದಿನ ಉಷ್ಣಮಾಪಕ ಇಳಿಸಿದರೆ ಸಿಗುವುದು ಆ ದ್ರವದ ಕಥೆ, ಬಂಡೆಯದಲ್ಲ. ಬಂಡೆ ತನ್ನ ಸಹಜ ಸ್ಥಿತಿಗೆ ಮರಳಲು ಕೊರೆಯಲು ಹಿಡಿದ ಕಾಲದ ಹತ್ತಿಪ್ಪತ್ತು ಪಟ್ಟು ಬೇಕಾಗಬಹುದು. ಯಾರಿಗೂ ಅಷ್ಟು ತಾಳ್ಮೆ ಇರುವುದಿಲ್ಲವಾದ್ದರಿಂದ ತಿದ್ದುಪಡಿಯ ಸೂತ್ರಗಳೇ ಗತಿ. ಒಮ್ಮೆ ನಾನೇ ಆ ತಿದ್ದುಪಡಿಯನ್ನು ಮರೆತು, ತಳದಲ್ಲಿ ‘ಅಸಾಮಾನ್ಯ ತಂಪು ವಲಯ’ ಕಂಡುಹಿಡಿದೆನೆಂದು ಒಂದು ವಾರ ಸಂಭ್ರಮಿಸಿದ್ದುಂಟು.

ಹೊಸಗಣ್ಣು ಅವರು ಒಂದೇ ದರವನ್ನು ಎಲ್ಲೆಡೆಗೂ ಹಚ್ಚಿರುವುದರಿಂದ ಎರಡು ಬಾವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ರಷ್ಯಾದ ಕೋಲಾ ಪರ್ಯಾಯ ದ್ವೀಪದ ಬಾವಿ 12,262 ಮೀಟರ್ ಆಳಕ್ಕೆ ಹೋಯಿತು. ತಳದಲ್ಲಿ ಸುಮಾರು 180 ಡಿಗ್ರಿ. ಜರ್ಮನಿಯ ಬವೇರಿಯಾದಲ್ಲಿ ಕೊರೆದ ಕೆಟಿಬಿ ಬಾವಿ 9,101 ಮೀಟರಿಗೆ ನಿಂತಿತು. ಅಲ್ಲಿ ಸುಮಾರು 265 ಡಿಗ್ರಿ. ಮೂರು ಕಿಲೋಮೀಟರ್ ಕಡಿಮೆ ಆಳ, 85 ಡಿಗ್ರಿ ಹೆಚ್ಚು ಬಿಸಿ. ಒಂದರ ಸರಾಸರಿ ಕಿಲೋಮೀಟರಿಗೆ 15, ಇನ್ನೊಂದರದ್ದು 29. ಕೋಲಾ ಇರುವುದು ಶತಕೋಟಿ ವರ್ಷಗಳ ಹಿಂದೆಯೇ ಸ್ಥಿರಗೊಂಡ ಭೂಖಂಡದ ತಿರುಳಿನ ಮೇಲೆ. ಕೆಟಿಬಿ ಇರುವುದು ಸುಮಾರು 30 ಕೋಟಿ ವರ್ಷಗಳ ಹಿಂದೆ ಪರ್ವತಗಳೆದ್ದ ವಲಯದಲ್ಲಿ. ವಿನೋದವೆಂದರೆ ಕೋಲಾದ ಆ 180 ಕೂಡ ಕೊರೆಯುವವರು ನಿರೀಕ್ಷಿಸಿದ್ದಕ್ಕಿಂತ ಬಹಳ ಹೆಚ್ಚಾಗಿತ್ತು; ಸುಮಾರು 100 ಡಿಗ್ರಿ ಇರಬಹುದೆಂದು ಅವರು ಎಣಿಸಿದ್ದರು.

ಹಳೆಯ ಓದುಗ:

ಇಲ್ಲಿಯವರೆಗಿನ ಲೆಕ್ಕಗಳೆಲ್ಲ ಸ್ಥಿರ ಸ್ಥಿತಿಯವು, ಅಂದರೆ ತಾಪಮಾನ ಕಾಲದೊಂದಿಗೆ ಬದಲಾಗುತ್ತಿಲ್ಲ ಎಂದು ಹಿಡಿದು ಮಾಡಿದವು. ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಕಲ್ಲಿನ ನಿಧಾನಗತಿಯೇ ತೀರ್ಮಾನಿಸುತ್ತದೆ.

ಬಂಡೆಯಲ್ಲಿ ಶಾಖ ಹರಡುವ ಪ್ರಮಾಣ ವರ್ಷಕ್ಕೆ ಸುಮಾರು 30 ಚದರ ಮೀಟರ್. ‘ಚದರ’ ಎಂಬ ಪದವನ್ನು ಗಮನಿಸಬೇಕು: ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟಾಗುತ್ತದೆ. 1 ಕಿಲೋಮೀಟರ್ ದಾಟಲು ಮೂವತ್ತು ಸಾವಿರ ವರ್ಷಗಳ ಆಸುಪಾಸು. 10 ಕಿಲೋಮೀಟರಿಗೆ ಮೂವತ್ತು ಲಕ್ಷ. 100 ಕಿಲೋಮೀಟರಿಗೆ ಮೂವತ್ತು ಕೋಟಿ. ಹಗಲಿರುಳಿನ ತಾಪದ ಏರಿಳಿತ ಬಂಡೆಯೊಳಗೆ 17 ಸೆಂಟಿಮೀಟರ್ ಹೋಗುವಷ್ಟರಲ್ಲಿ ಮೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಬೇಸಿಗೆ ಚಳಿಗಾಲಗಳ ಏರಿಳಿತಕ್ಕೆ ಅದೇ ಗತಿ 3 ಮೀಟರಿನಲ್ಲಿ. ಲಕ್ಷ ವರ್ಷಗಳಿಗೊಮ್ಮೆ ಬರುವ ಹಿಮಯುಗದ ಚಕ್ರಕ್ಕೆ 1 ಕಿಲೋಮೀಟರಿನಲ್ಲಿ. ಆದ್ದರಿಂದ ಕಳೆದ ಹಿಮಯುಗದ ಚಳಿ ಇಂದಿಗೂ ಬಂಡೆಯೊಳಗೆ ಇಳಿಯುತ್ತಲೇ ಇದೆ, ಉತ್ತರದ ನಾಡುಗಳ ಆಳವಿಲ್ಲದ ಬಾವಿಗಳಲ್ಲಿ ಉಷ್ಣಪ್ರವಾಹ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಇದನ್ನೇ ತಿರುಗುಮುರುಗು ಮಾಡಿ, ಕೆಲವು ನೂರು ಮೀಟರ್ ಆಳದ ಬಾವಿಗಳ ತಾಪಮಾನದಿಂದ ಕಳೆದ ಐದು ಶತಮಾನಗಳ ಹವಾಮಾನವನ್ನು ಓದುವವರೂ ಇದ್ದಾರೆ.

ಈ ನಿಧಾನಗತಿಯನ್ನು ಮೊದಲು ಪ್ರಸಿದ್ಧಿಗೆ ತಂದವರು ಲಾರ್ಡ್ ಕೆಲ್ವಿನ್. 1862ರಲ್ಲಿ ಅವರು ಭೂಮಿಯನ್ನು ತಣಿಯುತ್ತಿರುವ ಘನ ಗೋಳವೆಂದು ಭಾವಿಸಿ, ಸುಮಾರು 3900 ಡಿಗ್ರಿಯಿಂದ ಆರಂಭಿಸಿ, ಈಗಿನ ಏರಿಕೆಯ ದರಕ್ಕೆ ಬರಲು ಹತ್ತು ಕೋಟಿ ವರ್ಷ ಸಾಕು ಎಂದರು. ಇಂದು ನಾವು ತಿಳಿದಿರುವ ವಯಸ್ಸು 454 ಕೋಟಿ ವರ್ಷ.

ಲೆಕ್ಕಿಗ:

ಅವರಿಗೆ ವಿಕಿರಣಶೀಲತೆ ಗೊತ್ತಿರಲಿಲ್ಲವಲ್ಲ. ಬೆಕೆರೆಲ್ ಅದನ್ನು ಕಂಡದ್ದೇ 1896ರಲ್ಲಿ.

ಹಳೆಯ ಓದುಗ:

ಎಲ್ಲರೂ ಹಾಗೆಯೇ ಬರೆಯುತ್ತಾರೆ, ಆದರೆ ಲೆಕ್ಕ ಹಾಕಿ ನೋಡಿದರೆ ಅದು ನಿಲ್ಲುವುದಿಲ್ಲ. ಕೆಲ್ವಿನ್ನರ ಮಾದರಿಯಲ್ಲಿ ಹತ್ತು ಕೋಟಿ ವರ್ಷಗಳಲ್ಲಿ ತಣಿಯುವುದು ಹೊರಗಿನ ನೂರು ಕಿಲೋಮೀಟರಿನಷ್ಟು ಮಾತ್ರ; ಒಳಗಿನ ಸಾವಿರಾರು ಕಿಲೋಮೀಟರಿನ ಶಾಖ ಮುಟ್ಟದೆ ಉಳಿಯುತ್ತದೆ. ಆ ತೆಳು ಪದರಕ್ಕೆ ವಿಕಿರಣಶೀಲ ಶಾಖ ಸೇರಿಸಿದರೂ ಅವರ ಉತ್ತರ 454 ಕೋಟಿಯ ಹತ್ತಿರಕ್ಕೂ ಬರುವುದಿಲ್ಲ. ಅವರ ಮೂಲ ತಪ್ಪೆಂದರೆ ಗೋಳದ ಒಳಗೆಲ್ಲ ಶಾಖ ಸಾಗುವುದು ವಹನದಿಂದಲೇ, ಅಂದರೆ ಕಲ್ಲು ಕದಲದೆ ಕಣದಿಂದ ಕಣಕ್ಕೆ ದಾಟಿಯೇ, ಎಂದು ಹಿಡಿದದ್ದು. ಇದನ್ನು ಎತ್ತಿ ತೋರಿಸಿದವರು ಒಂದು ಕಾಲಕ್ಕೆ ಅವರಿಗೇ ಸಹಾಯಕರಾಗಿದ್ದ ಜಾನ್ ಪೆರಿ. 1895ರಲ್ಲಿ, ವಿಕಿರಣಶೀಲತೆ ಪತ್ತೆಯಾಗುವ ಮೊದಲೇ, ಅವರು ವಾದಿಸಿದ್ದು ಇಷ್ಟು: ಒಳಭಾಗ ಶಾಖವನ್ನು ಸಮರ್ಥವಾಗಿ ಸಾಗಿಸುತ್ತಿದ್ದು ಹೊರಗೆ ತೆಳುವಾದ ಘನ ಚಿಪ್ಪು ಇದ್ದರೆ, ಒಳಗಿನ ಶಾಖ ಚಿಪ್ಪಿನ ಬುಡಕ್ಕೆ ಬರುತ್ತಲೇ ಇರುತ್ತದೆ, ಏರಿಕೆಯ ದರ ಬಹುಕಾಲ ಕುಗ್ಗದೆ ಉಳಿಯುತ್ತದೆ, ಆಗ ಭೂಮಿಯ ವಯಸ್ಸು ಕೆಲವು ನೂರು ಕೋಟಿ ವರ್ಷಗಳಿಗೆ ಏರಬಹುದು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ.

ಪೆರಿಯ ಆ ತೆಳು ಚಿಪ್ಪೇ ಹೆಚ್ಚು ಕಡಿಮೆ ನಾವು ಇಂದು ಶಿಲಾಗೋಳ ಎನ್ನುವುದು.

ಸಾಗರತಳ:

ಆ ಕೊನೆಯ ವಾಕ್ಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭೂಚಿಪ್ಪು ಎಂಬುದು ಕಲ್ಲಿನ ರಾಸಾಯನಿಕ ಸಂಯೋಜನೆಯಿಂದ ಗುರುತಿಸುವ ಪದರ. ಶಿಲಾಗೋಳದಲ್ಲಿ ಭೂಚಿಪ್ಪಿನ ಜೊತೆಗೆ ಮ್ಯಾಂಟಲಿನ ತಂಪಾದ, ಗಡುಸಾದ ಮೇಲ್ಭಾಗವೂ ಸೇರಿದೆ. ಅದರ ತಳ ಸುಮಾರು 1300 ಡಿಗ್ರಿಯ ಬಳಿ. ಅಲ್ಲಿಗಿಂತ ಬಿಸಿಯಾದ ಮ್ಯಾಂಟಲ್ ಘನವಾಗಿದ್ದರೂ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಹರಿಯಬಲ್ಲದು. ಹರಿಯುವ ಕಲ್ಲು ಶಾಖವನ್ನು ತನ್ನೊಂದಿಗೇ ಹೊತ್ತೊಯ್ಯುವುದರಿಂದ ಅಲ್ಲಿ ಏರಿಕೆಯ ದರ ಕಿಲೋಮೀಟರಿಗೆ ಅರ್ಧ ಡಿಗ್ರಿಗೂ ಕಡಿಮೆ. ಹೊಸಗಣ್ಣು ಅವರ ಪ್ರಶ್ನೆಗೆ ಉತ್ತರದ ಇನ್ನರ್ಧ ಇದು: 26 ಮೊದಲು 16ಕ್ಕೆ ಇಳಿಯುತ್ತದೆ, ಶಿಲಾಗೋಳದ ತಳ ಮುಟ್ಟಿದ ಮೇಲೆ ಅದೂ ಇಲ್ಲವಾಗುತ್ತದೆ.

ಸಾಗರದಡಿಯಲ್ಲಿ ಈ ಕಥೆ ಇನ್ನೂ ಸ್ವಚ್ಛವಾಗಿ ಕಾಣುತ್ತದೆ. ಅಲ್ಲಿನ ಭೂಚಿಪ್ಪು ಸುಮಾರು 7 ಕಿಲೋಮೀಟರ್ ದಪ್ಪದ ಬಸಾಲ್ಟ್. ವಿಕಿರಣಶೀಲ ಶಾಖ ಮೂರ್ನಾಲ್ಕು ಮಿಲಿವ್ಯಾಟ್ ಮಾತ್ರ. ಭೂಖಂಡಗಳಲ್ಲಿ ಬೆನ್‌ಫೀಲ್ಡ್ ಮತ್ತು ಬುಲ್ಲಾರ್ಡ್ 1939ರಲ್ಲಿ ಉಷ್ಣಪ್ರವಾಹದ ಮೊದಲ ಅಳತೆಗಳನ್ನು ಪ್ರಕಟಿಸಿದ್ದರು. ಸಾಗರತಳದಲ್ಲಿ ಅದಕ್ಕಿಂತ ತೀರ ಕಡಿಮೆ ಸಿಗಬಹುದು ಎಂಬ ನಿರೀಕ್ಷೆ ಸಹಜವಾಗಿತ್ತು. 1952ರಲ್ಲಿ ರೆವೆಲ್ ಮತ್ತು ಮ್ಯಾಕ್ಸ್‌ವೆಲ್ ಪೆಸಿಫಿಕ್ ಸಾಗರದ ಅಳತೆಗಳನ್ನು ಪ್ರಕಟಿಸಿದಾಗ ಅಂಕಿಗಳು ಭೂಖಂಡಗಳದ್ದಕ್ಕೆ ಸಾಟಿಯಾಗಿದ್ದವು. ಆ ಶಾಖ ಬರುತ್ತಿರುವುದು ಮ್ಯಾಂಟಲ್ ತಣಿಯುವುದರಿಂದ. ಸಾಗರಮಧ್ಯದ ಏಣಿನಲ್ಲಿ (ಸಾಗರತಳದ ಉದ್ದನೆಯ ಪರ್ವತಸಾಲಿನಲ್ಲಿ) ಬಿಸಿ ಕಲ್ಲು ಮೇಲೆ ಬಂದು, ಪಕ್ಕಕ್ಕೆ ಸರಿಯುತ್ತಾ, ಮೇಲಿನಿಂದ ತಣಿಯುತ್ತಾ ಹೋಗುತ್ತದೆ. ಉಷ್ಣಪ್ರವಾಹ ವಯಸ್ಸಿನ ವರ್ಗಮೂಲದಂತೆ ಕುಗ್ಗುತ್ತದೆ: ಹತ್ತು ಲಕ್ಷ ವರ್ಷದ ತಳದಲ್ಲಿ ಸುಮಾರು 500 ಮಿಲಿವ್ಯಾಟ್, ನಲವತ್ತು ಲಕ್ಷಕ್ಕೆ 250, ಹತ್ತು ಕೋಟಿ ವರ್ಷಕ್ಕೆ 50. ತಣಿದ ಕಲ್ಲು ಕುಗ್ಗಿ ಭಾರವಾಗುವುದರಿಂದ ಸಾಗರತಳವೂ ಅದೇ ವರ್ಗಮೂಲದ ಲೆಕ್ಕದಲ್ಲಿ ಕುಸಿಯುತ್ತದೆ. ಏಣಿನಲ್ಲಿ ಎರಡೂವರೆ ಕಿಲೋಮೀಟರ್ ಇದ್ದ ಆಳ ಹತ್ತು ಕೋಟಿ ವರ್ಷದ ತಳದಲ್ಲಿ ಆರನ್ನು ಮುಟ್ಟುವ ಹಾದಿಯಲ್ಲಿರುತ್ತದೆ. ಎಂಟು ಕೋಟಿ ವರ್ಷಗಳ ಆಸುಪಾಸಿನಿಂದ ಈ ಕುಸಿತ ವರ್ಗಮೂಲಕ್ಕಿಂತ ನಿಧಾನವಾಗುತ್ತದೆ, ಏಕೆಂದರೆ ಕೆಳಗಿನಿಂದ ಒಂದಷ್ಟು ಶಾಖ ತುಂಬಿಕೊಳ್ಳುತ್ತದೆ. ಶಾಲೆಯಲ್ಲಿ ಕಬ್ಬಿಣದ ಸರಳಿಗೆ ಹಚ್ಚಿದ ಸಮೀಕರಣವೇ ಒಂದು ಸಾಗರದ ಆಳವನ್ನು ಹೇಳುತ್ತದೆ ಎಂಬುದು ನನಗೆ ಇಂದಿಗೂ ಬೆರಗು.

ಕೊರೆಬಾವಿ:

ಏಣಿನ ಬಳಿ ಉಷ್ಣಮಾಪಕ ನೆಟ್ಟರೆ ಆ 500 ಸಿಗುವುದಿಲ್ಲ ಎಂಬುದನ್ನೂ ಹೇಳಿಬಿಡಿ. ಬಹಳ ಸಲ ಅದರ ಅರ್ಧವೂ ಇರುವುದಿಲ್ಲ.

ಸಾಗರತಳ:

ನಿಜ. ಅಲ್ಲಿ ಬಿರುಕುಗಳಲ್ಲಿ ಇಳಿದ ಸಮುದ್ರದ ನೀರು ಶಾಖವನ್ನು ಕದ್ದೊಯ್ಯುತ್ತದೆ. ಉಷ್ಣಮಾಪಕ ವಹನದ ಪಾಲನ್ನು ಮಾತ್ರ ಕಾಣುತ್ತದೆ. ಕೊರತೆ ಇದೆಯೆಂದು ಲೆಕ್ಕ ಮೊದಲೇ ಹೇಳಿತ್ತು. 1977ರಲ್ಲಿ ಗಲಪಗೋಸ್ ಏಣಿನಲ್ಲಿ ಬಿಸಿನೀರಿನ ಬುಗ್ಗೆಗಳು ಕಣ್ಣಿಗೆ ಬಿದ್ದವು, 1979ರಲ್ಲಿ ಪೂರ್ವ ಪೆಸಿಫಿಕ್ ಏಣಿನಲ್ಲಿ 350 ಡಿಗ್ರಿಗೂ ಮೀರಿದ ನೀರನ್ನು ಉಗುಳುವ ಕಪ್ಪು ಹೊಗೆಗೊಳವೆಗಳು. ಭೂಮಿ ಹೊರಬಿಡುವ ಒಟ್ಟು 47 ಟೆರಾವ್ಯಾಟಿನಲ್ಲಿ ಸುಮಾರು ಹತ್ತರಷ್ಟು ಹೀಗೆ ನೀರಿನ ದಾರಿಯಲ್ಲಿ ಬರುತ್ತದೆ.

ಹೊಸಗಣ್ಣು:

ಎಲ್ಲರ ಉತ್ತರಗಳನ್ನು ಇಟ್ಟುಕೊಂಡು ಹಳೆಯ ಭೂಖಂಡದ ತಿರುಳಿಗೆ ನಾನೇ ಲೆಕ್ಕ ಹಾಕಿದೆ, ತಪ್ಪಿದ್ದರೆ ತಿದ್ದಿ. ನೆಲದಲ್ಲಿ 40 ಮಿಲಿವ್ಯಾಟ್, ಮ್ಯಾಂಟಲಿನಿಂದ 15, ಉಳಿದ 25 ಭೂಚಿಪ್ಪಿನಲ್ಲಿ ಸಮವಾಗಿ ಹಂಚಿಕೆ. ವಾಹಕತೆ ಭೂಚಿಪ್ಪಿಗೆ 2.5, ಮ್ಯಾಂಟಲಿಗೆ 3. ನೆಲದ ಬಳಿ ಏರಿಕೆ ಕಿಲೋಮೀಟರಿಗೆ 16 ಡಿಗ್ರಿ; ಇದು ಕೋಲಾದ 15ಕ್ಕೆ ಹತ್ತಿರವೇ ಇದೆ. 40 ಕಿಲೋಮೀಟರಿನಲ್ಲಿ 440 ಡಿಗ್ರಿ. ಅಲ್ಲಿಂದ ಕೆಳಗೆ ಕಿಲೋಮೀಟರಿಗೆ 5 ಮಾತ್ರ. 150 ಕಿಲೋಮೀಟರಿನಲ್ಲಿ 990. 1300 ಡಿಗ್ರಿ ಮುಟ್ಟುವುದು 212 ಕಿಲೋಮೀಟರಿನಲ್ಲಿ. ಲೆಕ್ಕಿಗರ 65 ಮಿಲಿವ್ಯಾಟಿನ ಪ್ರದೇಶದಲ್ಲಿ ಅದೇ 1300 ಡಿಗ್ರಿ 82 ಕಿಲೋಮೀಟರಿನಲ್ಲೇ ಬಂದುಬಿಡುತ್ತದೆ. ಎರಡು ಕಡೆಯ ಶಿಲಾಗೋಳದ ದಪ್ಪದಲ್ಲಿ ಇಷ್ಟು ಅಂತರ ನಂಬಬಹುದಾದದ್ದೇ?

ಬೆಣಚುಕಲ್ಲು:

ನಂಬಬಹುದು, ಉಷ್ಣಮಾಪಕದ ಹಂಗಿಲ್ಲದ ಸಾಕ್ಷಿಯೂ ಇದೆ. ಕಿಂಬರ್ಲೈಟ್ ಎಂಬ ಜ್ವಾಲಾಮುಖಿ ಶಿಲೆಯ ಸ್ಫೋಟಗಳು ಹಳೆಯ ಭೂಖಂಡಗಳ ಅಡಿಯಿಂದ ಮ್ಯಾಂಟಲಿನ ಕಲ್ಲಿನ ತುಣುಕುಗಳನ್ನು ಮೇಲಕ್ಕೆ ತಂದಿವೆ. ಅವುಗಳೊಳಗಿನ ಗಾರ್ನೆಟ್ ಮತ್ತು ಪೈರಾಕ್ಸೀನ್ ಖನಿಜಗಳು ಧಾತುಗಳನ್ನು ಪರಸ್ಪರ ಹಂಚಿಕೊಂಡಿರುವ ರೀತಿಯಿಂದ, ಆ ತುಣುಕು ಎಷ್ಟು ಒತ್ತಡದಲ್ಲಿ ಎಷ್ಟು ಬಿಸಿಯಲ್ಲಿ ಇತ್ತೆಂದು ಲೆಕ್ಕ ಹಾಕಬಹುದು. 150 ಕಿಲೋಮೀಟರ್ ಆಳದಿಂದ ಬಂದ ಇಂಥ ತುಣುಕುಗಳು 1000 ಡಿಗ್ರಿಯ ಆಸುಪಾಸನ್ನೇ ಹೇಳುತ್ತವೆ. ನಿಮ್ಮದು 990. ಅದೇ ಕಿಂಬರ್ಲೈಟುಗಳಲ್ಲಿ ವಜ್ರ ಸಿಗುವುದೂ ಈ ತಂಪಿನಿಂದಲೇ. ಆ ಆಳದಲ್ಲಿ ಬಿಸಿ ಇನ್ನೂ ಕೆಲವು ನೂರು ಡಿಗ್ರಿ ಹೆಚ್ಚಿದ್ದರೆ ಅಲ್ಲಿನ ಇಂಗಾಲ ಗ್ರಾಫೈಟ್ ಆಗಿರುತ್ತಿತ್ತು.

ಭೂಚಿಪ್ಪಿನ ಶಾಖೋತ್ಪಾದನೆಯನ್ನು ಸಮವಾಗಿ ಹಂಚುವ ಬದಲು ಮೇಲ್ಭಾಗಕ್ಕೆ ಹೆಚ್ಚು ಕೊಟ್ಟು ಮತ್ತೊಮ್ಮೆ ಲೆಕ್ಕ ಮಾಡಿ ನೋಡಿ. 40 ಕಿಲೋಮೀಟರಿನ 440 ಡಿಗ್ರಿ ಇನ್ನೂ ತಗ್ಗುತ್ತದೆ, 212 ಕಿಲೋಮೀಟರಿನ ತಳ ಇನ್ನೂ ಕೆಳಗೆ ಸರಿಯುತ್ತದೆ.